ಬಕಲ್ಲಿನ ಬೆನ್ನು

ಹಳೇ ಮಿಲಿಟರಿ ಬೆಲ್ಟೊಂದು ಕೈಗೆ ಸಿಕ್ಕರೆ ಈಗಿನವರು ಮೊದಲು ನೋಡುವುದು ಅದರ ಮುಖ. ಕಿರೀಟ ಇದೆಯಾ, ಸಿಂಹ ಇದೆಯಾ, ಉಜ್ಜಿದರೆ ಹೊಳೆಯುತ್ತದಾ, ಇಷ್ಟೇ. ಹಲಸೂರು, ಶಿವಾಜಿನಗರದ ಕಡೆಯ ಹಳಬರಿಗೆ ಈ ಅಭ್ಯಾಸ ಇರಲಿಲ್ಲ. ಬಕಲ್ ಕೈಗೆ ಬಂದ ಕೂಡಲೇ ಅವರು ಅದನ್ನು ಮಗುಚಿ ಹಾಕುತ್ತಿದ್ದರು. ಹೆಬ್ಬೆರಳಿನಲ್ಲಿ ಬೆನ್ನು ಸವರಿ, ಉಗುರಿನಲ್ಲಿ ಕೊಂಡಿಯ ಬುಡ ಕೆರೆದು, ಆಮೇಲೆ ತೀರ್ಪು: 'ಇದು ಎರಕದ್ದು', 'ಇದು ಅಚ್ಚಿನಲ್ಲಿ ಒತ್ತಿದ್ದು', 'ಕೊಂಡಿ ಒಡೆದುಹೋಗಿತ್ತು, ಇಲ್ಲೇ ಯಾರೋ ಬೆಸೆದಿದಾರೆ'. ಮುಖದ ಸರದಿ ಬರುತ್ತಿದ್ದುದು ಕೊನೆಗೆ.

ಹೀಗೆ ಬೆನ್ನು ಓದಬಲ್ಲವರು ದಂಡಿನಲ್ಲಿ ಬೀದಿಗೊಬ್ಬರು ಇದ್ದರು. ಅದರಲ್ಲಿ ವಿಶೇಷವೇನಿಲ್ಲ. 1780ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಸ್ಯಾಪರ್ಸ್ ಪಡೆ 1834ರಲ್ಲಿ ಬೆಂಗಳೂರಿಗೆ ಬಂತು, ಹಲಸೂರು ಕೆರೆಯ ಪಕ್ಕ ನೆಲೆ ನಿಂತಿತು. ಪಡೆ ಇದ್ದಲ್ಲಿ ದರ್ಜಿ ಬೇಕು, ಮೋಚಿ ಬೇಕು, ಕುದುರೆಯ ಜೀನು ಹೊಲಿಯುವವನು ಬೇಕು, ಮುರಿದ ಹಿತ್ತಾಳೆ ಬೆಸೆಯುವವನು ಬೇಕು. ಒಂದೂವರೆ ಶತಮಾನ ಇವರೆಲ್ಲ ಸೈನ್ಯದ ಸುತ್ತ ಬದುಕಿದರು. ಕಂಟೋನ್ಮೆಂಟಿನ ಮಕ್ಕಳಿಗೆ ಹಿತ್ತಾಳೆಯ ಜಾತಿ ಗುರುತಿಸುವುದು ಪಾಠ ಮಾಡಿ ಕಲಿಸುವ ವಿದ್ಯೆಯಾಗಿರಲಿಲ್ಲ.

ನಮ್ಮ ವಠಾರದಲ್ಲಿ ಇದ್ದವರು ಸುಬೇದಾರ್ ಮಾಮ. ಸ್ಯಾಪರ್ಸ್‌ನಿಂದ ನಿವೃತ್ತರಾದವರು. ಮನೆಮಾತು ತಮಿಳು, ನಮ್ಮ ಜೊತೆ ದಂಡಿನ ಕನ್ನಡ. ಪಿಂಚಣಿಗೆ ಬಂದು ಎಷ್ಟೋ ಕಾಲವಾಗಿದ್ದರೂ ಶನಿವಾರ ಸಂಜೆ ಹಳೇ ಪೇಪರ್ ಹಾಸಿ, ಬ್ರಾಸೋ ಡಬ್ಬಿ ಕುಲುಕಿ, ಹರಿದ ಬನಿಯನ್ನಿನ ಚೂರಿಗೆ ಒಂದೆರಡು ಹನಿ ಸುರಿದುಕೊಂಡು ಬಕಲ್ ಉಜ್ಜಲು ಕೂರುತ್ತಿದ್ದರು. ಆ ವಾಸನೆ ವಠಾರಕ್ಕೆಲ್ಲ ಗೊತ್ತು. ನಾವು ಪಕ್ಕ ಕೂತು ಕೈ ಹಾಕಿದರೆ ಅವರ ಒಂದೇ ಕಟ್ಟಪ್ಪಣೆ: "ಮುಖಕ್ಕೆ ಮಾತ್ರ ಹಚ್ಚಪ್ಪಾ. ಹಿಂದೆ ಹಚ್ಚಿದ್ರೆ ಪಟ್ಟಿಗೆ ಕರೆ ಹಿಡಿಯುತ್ತೆ." ಬೆನ್ನನ್ನೂ ಉಜ್ಜಿಸಿ ಪರೇಡಿನಲ್ಲಿ ತಿರುಗಿಸಿ ನೋಡುವ ಹವಾಲ್ದಾರರೂ ಇದ್ದರಂತೆ. ಅಂಥವರ ಕೈಕೆಳಗಿನ ಬಕಲ್ಲುಗಳು ಎರಡೂ ಕಡೆ ಬೋಳಾಗಿರುತ್ತವೆ, ನೋಡಿದರೆ ಗೊತ್ತಾಗುತ್ತದೆ.

ದಿನಾ ಉಜ್ಜಿದ ಹಿತ್ತಾಳೆ ಸವೆಯುತ್ತದೆ. ಮೊದಲು ಸಿಂಹದ ಮೂಗು ಹೋಗುತ್ತದೆ, ಆಮೇಲೆ ಕಿರೀಟದ ಮಣಿಗಳು, ಆಮೇಲೆ ಅಕ್ಷರದ ಅಂಚು. ಒಬ್ಬ ಶಿಸ್ತಿನ ಸಿಪಾಯಿ ಹದಿನೈದು ವರ್ಷ ಕಟ್ಟಿದ ಬಕಲ್ಲಿನಲ್ಲಿ ಮುಖ ಎನ್ನುವುದು ಬಹುಪಾಲು ಅಳಿಸಿಹೋಗಿರುತ್ತದೆ, ಅವನ ಶಿಸ್ತೇ ಅದನ್ನು ಅಳಿಸಿರುತ್ತದೆ. ಬೆನ್ನಿನ ಕಥೆ ಬೇರೆ. ಯಾರೂ ತಿರುಗಿ ನೋಡದ ಕಾರಣಕ್ಕೇ ಅದು ಉಳಿದುಕೊಂಡಿತು. ಮಾಡಿದವನ ಅರದ ಗೆರೆ, ಕಾರ್ಖಾನೆಯ ಮುದ್ರೆ, ಕಟ್ಟಿಕೊಂಡವನ ನಂಬರು ಎಲ್ಲ ಅಲ್ಲೇ, ಕಿಲುಬಿನ ಅಡಿಯಲ್ಲಿ. ಈಗ ನನಗೆ ಸಂಕಟವಾಗುವುದು ಬಕಲ್ಲುಗಳು ಕಾಣೆಯಾಗುತ್ತಿವೆ ಎಂಬುದಕ್ಕಿಂತ, ಕಾಣೆಯಾಗದೆ ಉಳಿದವುಗಳ ಬೆನ್ನನ್ನು ನಾವೇ ಅಳಿಸುತ್ತಿದ್ದೇವಲ್ಲ ಎಂಬುದಕ್ಕೆ.

ಮಾಡುವ ರೀತಿ ಮುಖ್ಯವಾಗಿ ಎರಡು. ಒಂದು, ಹಿತ್ತಾಳೆ ತಗಡನ್ನು ಉಕ್ಕಿನ ಅಚ್ಚುಗಳ ನಡುವೆ ಇಟ್ಟು ಒತ್ತುವುದು. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು ಇರುವ ಹಿತ್ತಾಳೆ ಇದಕ್ಕೆ ಹೇಳಿ ಮಾಡಿಸಿದ್ದು. ಬಂದೂಕಿನ ತೋಟೆಯ ಕೊಳವೆಯೂ ಅದರದ್ದೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಭಾರದ ಸುತ್ತಿಗೆಯನ್ನು ಮೇಲಕ್ಕೆ ಎಳೆದು ಅಚ್ಚಿನ ಮೇಲೆ ದಢಾರನೆ ಬಿಡುತ್ತಿದ್ದರು. ಪೆಟ್ಟು ಬಿದ್ದಷ್ಟೂ ಹಿತ್ತಾಳೆ ಗಡುಸಾಗುತ್ತದೆ, ಹಾಗೇ ಬಡಿದರೆ ಸೀಳುತ್ತದೆ. ಅದಕ್ಕೆ ನಡುವೆ ಕುಲುಮೆಗಿಟ್ಟು ಕಾಯಿಸಿ ಮೆತ್ತಗೆ ಮಾಡಿ, ಮತ್ತೆ ಬಡಿಯಬೇಕು. ಇಂಥ ತೆಳು ತಗಡಿನ ಬಕಲ್ಲಿನ ಬೆನ್ನು ಬರಿಯ ಬೆನ್ನಲ್ಲ. ಮುಂದೆ ಉಬ್ಬಿದ್ದೆಲ್ಲ ಹಿಂದೆ ತಗ್ಗು. ಸಿಂಹದ ಹೊಟ್ಟೆ ಅಲ್ಲಿ ಗುಳಿ, ಕಿರೀಟ ತಲೆಕೆಳಗಾದ ಬಟ್ಟಲು. ಮುಖ ಪೂರ್ತಿ ಸವೆದ ತುಣುಕನ್ನು ಮಗುಚಿದರೆ ಅದು ಯಾವ ರೆಜಿಮೆಂಟಿನದು ಎಂದು ಹಿಂದಿನ ಗುಳಿಯಲ್ಲೇ ಓದಬಹುದು.

ಇನ್ನೊಂದು ಎರಕ. ಮರಳಿನಲ್ಲಿ ಮಾದರಿ ಒತ್ತಿ, ಮೂಸೆಯಲ್ಲಿ ಕರಗಿಸಿದ ಹಿತ್ತಾಳೆ ಹೊಯ್ಯುವುದು. ಇದರ ಬೆನ್ನು ಚಪ್ಪಟೆ, ದಪ್ಪ; ಸೂಕ್ಷ್ಮವಾಗಿ ನೋಡಿದರೆ ಮರಳಿನ ತರಿ ಕಾಣುತ್ತದೆ. ಹೊಯ್ದ ಬಾಯಿಯನ್ನು ಕತ್ತರಿಸಿದ ಕಡೆ ಅರ ಆಡಿದ ಗೆರೆಗಳು, ಒಂದೇ ದಿಕ್ಕಿಗೆ. ಮನುಷ್ಯನ ಕೈಯಲ್ಲಿ ಅರ ಆಡಿದರೆ ಗೆರೆ ಎಂದೂ ಒಂದೇ ಆಳ ಇರುವುದಿಲ್ಲ. ಶುರುವಿನಲ್ಲಿ ಆಳ, ಕೊನೆಗೆ ಹಗುರ. ಯಂತ್ರದ ಗೆರೆಗೆ ಆ ಏರಿಳಿತ ಇಲ್ಲ.

ಕೊಂಡಿಯ ಬುಡಕ್ಕೆ ಬರೋಣ. ನಿಜವಾದ ಜಾಗ ಇದೇ. ಒತ್ತಿದ ತಗಡಿಗೆ ಕೊಂಡಿ ತಾನಾಗಿ ಬರುವುದಿಲ್ಲ, ಬೆಸೆಯಬೇಕು. ಒಳ್ಳೆಯ ಕಾರ್ಖಾನೆಯವರು ಬಿಳಿಗಾರ ಉದುರಿಸಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಗಟ್ಟಿ ಬೆಸುಗೆ ಹಾಕುತ್ತಿದ್ದರು. ಅಂಥ ಬೆಸುಗೆ ಕೊಂಡಿಯ ಸುತ್ತ ಕೂದಲೆಳೆಯಷ್ಟು ಸಣ್ಣ ಹಳದಿ ಗೆರೆಯಾಗಿ ಕಾಣುತ್ತದೆ, ಉಗುರಿಗೆ ತಾಕುವುದೇ ಇಲ್ಲ. ಸೀಸ-ತವರದ ಮೆತ್ತನೆಯ ಬೆಸುಗೆ ಬೂದುಬಣ್ಣದ ಗಂಟು. ಉಗುರಿನಲ್ಲಿ ಒತ್ತಿದರೆ ಗುರುತು ಬೀಳುತ್ತದೆ. ಹೊರೆ ಹೊತ್ತ ಸೊಂಟಪಟ್ಟಿಗೆ ಇದು ತಾಳುವುದಿಲ್ಲ. ಬೂದು ಗಂಟು ಕಂಡರೆ ಒಂದೋ ಅದು ಅಲಂಕಾರದ ಬಕಲ್, ಇಲ್ಲವೇ ಆಮೇಲೆ ಬೀದಿಯಲ್ಲಿ ಆದ ರಿಪೇರಿ. ಆ ಬೀದಿ ರಿಪೇರಿಯ ಮೇಲೆ ನನಗೆ ಸ್ವಲ್ಪ ಪಕ್ಷಪಾತವಿದೆ. ಸಂಗ್ರಹಕಾರರು ಮೂಗು ಮುರಿಯುತ್ತಾರೆ, ಬೆಲೆ ಇಳಿಸುತ್ತಾರೆ. ಪರೇಡಿನ ಹಿಂದಿನ ರಾತ್ರಿ ಕೊಂಡಿ ಮುರಿದುಕೊಂಡು ಬಂದ ಹುಡುಗನೊಬ್ಬನ ಭಯವನ್ನೂ, ಚಿಮಣಿ ಬೆಳಕಿನಲ್ಲಿ ಊದುಕೊಳವೆ ಹಿಡಿದವನ ಗೊಣಗಾಟವನ್ನೂ ನಾನು ಆ ಗಂಟಿನಲ್ಲಿ ಊಹಿಸಿಕೊಳ್ಳುತ್ತೇನೆ.

ಪೇಟೆಯ ಓಣಿಯಲ್ಲಿ ಅಂಥ ಒಬ್ಬ ಮೇಸ್ತ್ರಿ ನನಗೆ ಪರಿಚಯವಿದ್ದರು. ಅವರ ಮುಖ್ಯ ಕಸುಬು ಡವಾಲಿಯ ಬಿಲ್ಲೆ, ಶಾಲೆಗಳ ಬ್ಯಾಡ್ಜು, ದೇವಸ್ಥಾನದ ತಗಡಿನ ಕೆಲಸ. ಬಕಲ್ ರಿಪೇರಿ ನಡುನಡುವೆ. ಅಚ್ಚು ಕೊರೆಯುವಾಗ ಅವರು ಅಕ್ಷರಗಳನ್ನು ಉಲ್ಟಾ ಬರೆಯುವುದಷ್ಟೇ ಅಲ್ಲ, ಉಲ್ಟಾ ಯೋಚಿಸುತ್ತಲೂ ಇದ್ದರೇನೋ. ಹಾಲಿನ ಲೆಕ್ಕ ಬರೆದಿಡುವಾಗಲೂ ಕೈ ಬಲದಿಂದ ಶುರುವಾಗುತ್ತದೆ ಎಂದು ನಗುತ್ತಿದ್ದರು. ಒಮ್ಮೆ ಒಬ್ಬ ಗಿರಾಕಿ ಎರಡು ಒಂದೇ ಥರದ ಬಕಲ್ ತಂದ. ಒಂದು ಹಳೆಯದು, ಇನ್ನೊಂದು ಅದನ್ನೇ ಮಾದರಿ ಇಟ್ಟು ಎರಕ ಹೊಯ್ದ ನಕಲು. ಮೇಸ್ತ್ರಿ ಮುದ್ರೆಯನ್ನೂ ನೋಡಲಿಲ್ಲ, ಬೆನ್ನನ್ನೂ ನೋಡಲಿಲ್ಲ. ಒಂದರ ಮೇಲೊಂದು ಇಟ್ಟು ಅಂಚನ್ನು ಬೆರಳಿನಲ್ಲಿ ತಡವಿದರು. "ಇದು ಮರಿ" ಎಂದು ನಕಲನ್ನು ಪಕ್ಕಕ್ಕಿಟ್ಟರು.

ಲೆಕ್ಕ ಸರಳ. ಕರಗಿದ ಹಿತ್ತಾಳೆ ಆರುವಾಗ ನೂರಕ್ಕೆ ಸುಮಾರು ಒಂದೂವರೆ ಪಾಲು ಕುಗ್ಗುತ್ತದೆ. 60 ಮಿಲಿಮೀಟರ್ ಅಗಲದ ಬಕಲ್ಲನ್ನೇ ಮರಳಿಗೆ ಒತ್ತಿ ಎರಕ ಹೊಯ್ದರೆ ಬರುವ ಪ್ರತಿ ಹತ್ತಿರ ಹತ್ತಿರ ಒಂದು ಮಿಲಿಮೀಟರ್ ಸಣ್ಣದು. ಅದರಿಂದ ಮತ್ತೊಂದು ಎರಕ ಹೊಯ್ದರೆ ಇನ್ನೂ ಸಣ್ಣದು. ಜೊತೆಗೆ ಬೆನ್ನಿನ ಮುದ್ರೆಯೂ ನಕಲಾಗಿ ಬರುತ್ತದೆ, ಆದರೆ ಅಕ್ಷರದ ಅಂಚು ಮಂಕಾಗಿ, ಒಳಗೆ ಮರಳಿನ ತರಿ ಸೇರಿಕೊಂಡು. ಉಕ್ಕಿನ ಪಂಚಿನಲ್ಲಿ ಹೊಡೆದ ಅಕ್ಷರದ ತಳ ಯಾವತ್ತೂ ನುಣುಪು. ಮುದ್ರೆಯಲ್ಲಿ ಏನು ಬರೆದಿದೆ ಎನ್ನುವುದಕ್ಕಿಂತ ಅದನ್ನು ಹೊಡೆದದ್ದೋ ಎರೆದದ್ದೋ ಎನ್ನುವುದು ದೊಡ್ಡ ಸಾಕ್ಷಿ.

ಇನ್ನು ಮುದ್ರೆಗಳ ವಿಷಯ. ಬ್ರಿಟಿಷ್ ಸರಕಾರದ ಸೊತ್ತಿಗೆಲ್ಲ ಮೂರು ಗೆರೆಯ ಒಂದು ಬಾಣದ ಗುರುತು. ಅದರ ಕೆಳಗೆ ಇಂಗ್ಲಿಷಿನ 'ಐ' ಇದ್ದರೆ ಭಾರತದ ಮಾಲು. ಬಾಣವನ್ನು 'ಸಿ' ಅಕ್ಷರ ಸುತ್ತುವರಿದಿದ್ದರೆ ಕೆನಡಾ, 'ಯು' ಒಳಗೆ ಬಾಣವಿದ್ದರೆ ದಕ್ಷಿಣ ಆಫ್ರಿಕಾ, ಎರಡು 'ಡಿ'ಗಳ ನಡುವೆ ಬಾಣ ನಿಂತಿದ್ದರೆ ಆಸ್ಟ್ರೇಲಿಯಾ. ಮಾಮನ ಬೆಲ್ಟು 1937ರ ಮಾದರಿಯದು, ಎರಡೂಕಾಲು ಇಂಚು ಅಗಲದ ದಪ್ಪ ಹತ್ತಿಪಟ್ಟಿ. ಮುಂದೆ ಒಂದರೊಳಗೊಂದು ಸಿಕ್ಕುವ ಹಿತ್ತಾಳೆಯ ಜೋಡಿ, ಹಿಂದೆ ಭುಜದ ಪಟ್ಟಿ ಸೇರಿಸಲು ಎರಡು ಸಣ್ಣ ಬಕಲ್, ತುದಿಯ ಕೊಕ್ಕೆಗಳನ್ನು ಒಳಮೈಗೆ ಸಿಕ್ಕಿಸಿದರೆ ಸೊಂಟದ ಅಳತೆ ನಿಲ್ಲುತ್ತದೆ. ಲಂಡನ್ನಿನ ಮಿಲ್ಸ್ ಕಂಪನಿ ಮಾಡಿದವುಗಳಲ್ಲಿ ಆ ಕಂಪನಿಯ ಹೆಸರಿನ ಮೊದಲಕ್ಷರಗಳೂ ಇಸವಿಯೂ ಇರುತ್ತವೆ. ಇಸವಿ ಇರುತ್ತಿದ್ದುದು ಹೆಚ್ಚಾಗಿ ಬಟ್ಟೆಯ ಮೇಲೆ, ಮಸಿಯಲ್ಲಿ. ವಾರವಾರ ಬ್ಲಾಂಕೋ ಬಳಿದು ಒಣಗಿಸುವ ಪಟ್ಟಿಯ ಮೇಲೆ ಮಸಿ ಎಷ್ಟು ದಿನ ನಿಂತೀತು? ಬಟ್ಟೆ ಮರೆತದ್ದನ್ನು ಹಿತ್ತಾಳೆ ಹೇಳಬೇಕಾಗುತ್ತದೆ.

ಎರಡನೇ ಮಹಾಯುದ್ಧದ ಹೊತ್ತಿಗೆ ಭಾರತದ ಸೈನ್ಯ 25 ಲಕ್ಷಕ್ಕೆ ಬೆಳೆಯಿತು. ಅಷ್ಟು ಸೊಂಟಕ್ಕೆ ಪಟ್ಟಿ ಆಗಬೇಕು. ಇಲ್ಲಿ ಆದ ಮಾಲು ಒರಟು: ನೇಯ್ಗೆ ದಪ್ಪ, ಹಿತ್ತಾಳೆಯ ಅಂಚು ಸರಿಯಾಗಿ ಅರ ಕಂಡಿಲ್ಲ, ಬಾಣದ ಮುದ್ರೆ ಓರೆಯಾಗಿ ಬಿದ್ದಿದೆ. ವಿಲಾಯತಿ ಮಾಲಿನ ಪಕ್ಕದಲ್ಲಿಟ್ಟರೆ ಯಾರಿಗಾದರೂ ವ್ಯತ್ಯಾಸ ಕಾಣುತ್ತದೆ. ನನ್ನನ್ನು ಕೇಳಿದರೆ ಅವಸರದ ಆ ಓರೆ ಮುದ್ರೆಯೇ ಹೆಚ್ಚು ಮಾತಾಡುತ್ತದೆ. ಯುದ್ಧ ಮುಗಿದ ಮೇಲೆ ಹೆಚ್ಚುವರಿ ಸಾಮಾನು 'ಡಿಸ್ಪೋಸಲ್ ಮಾಲು' ಎಂದು ಪೇಟೆಗೆ ಬಂತು. ಆಮೇಲೆ ಎಷ್ಟೋ ಕಾಲ ಇದೇ ಮಾದರಿಯ ಬೆಲ್ಟು ನಮ್ಮ ಸೈನ್ಯದಲ್ಲೂ ನಡೆಯಿತು. 1971ರಲ್ಲಿ ಪೂರ್ವ ಪಾಕಿಸ್ತಾನದ ಗಡಿ ದಾಟಿದ ಸೊಂಟಗಳಲ್ಲೂ ಇತ್ತು.

ಮುಖದ ಮೇಲಿನ ಕಿರೀಟವೂ ಕಾಲ ಹೇಳುತ್ತದೆ, ಪೂರ್ತಿ ಸವೆಯದಿದ್ದರೆ. ವಿಕ್ಟೋರಿಯಾ ಕಾಲದ ಕಿರೀಟದ ಕಮಾನು ನಡುವೆ ತಗ್ಗು. ಅವಳ ಮಗ ಪಟ್ಟಕ್ಕೆ ಬಂದ ಮೇಲೆ, ಅಂದರೆ 1901ರ ನಂತರ, ಕಮಾನು ಗುಮ್ಮಟದ ಹಾಗೆ ಉಬ್ಬಿತು. 1952ರಲ್ಲಿ ಎಲಿಜಬೆತ್ ರಾಣಿಯಾದ ಮೇಲೆ ಮತ್ತೆ ತಗ್ಗಿತು. ಆದರೆ ನಮ್ಮಲ್ಲಿ 1950ರ ಜನವರಿ 26ಕ್ಕೇ ಕಿರೀಟ ಇಳಿದು ಅಶೋಕನ ಸಿಂಹಗಳು ಏರಿದ್ದವು. ಹಾಗಾಗಿ 'ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿ ಬಂದದ್ದು ಸಾರ್' ಎಂದು ಯಾರಾದರೂ ತಗ್ಗಿದ ಕಿರೀಟದ ಭಾರತೀಯ ಬಕಲ್ ತೋರಿಸಿದರೆ, ಅದನ್ನು ಮರ್ಯಾದೆಯಿಂದ ವಾಪಸು ಕೊಟ್ಟುಬಿಡಿ.

ನಮ್ಮ ಮೈಸೂರಿನದ್ದೂ ಒಂದು ಲೆಕ್ಕವಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರಿನ ಮೇಲೆ ಜೋಧಪುರದವರ ಜೊತೆ ಕುದುರೆ ಏರಿ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ಪಡೆಯ ಗುರುತು ಗಂಡಭೇರುಂಡ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ನಿಂತಿದೆ, ಪಕ್ಕದಲ್ಲೇ ಬಸ್ಸಿನಲ್ಲಿ ಹೋಗುವವರಿಗೂ ಅದರ ಗಮನವಿಲ್ಲ. ಗಂಡಭೇರುಂಡ ಇದ್ದ ಮಾತ್ರಕ್ಕೆ ಹಿತ್ತಾಳೆ ಅರಸರ ಕಾಲದ್ದು ಎಂದುಕೊಳ್ಳಬಾರದು, ಹಕ್ಕಿ ಇವತ್ತೂ ರಾಜ್ಯದ ಲಾಂಛನದಲ್ಲಿದೆ. ಅದರ ಕೆಳಗಿನ ಪಟ್ಟಿ ನೋಡಬೇಕು. 'ನ ಬಿಭೇತಿ ಕದಾಚನ' ಇದ್ದರೆ ಒಡೆಯರ ಕಾಲ, 'ಸತ್ಯಮೇವ ಜಯತೇ' ಇದ್ದರೆ ಆಮೇಲಿನದು. ಜಿಲ್ಲಾ ಕಚೇರಿಯ ದಫೇದಾರರ ಡವಾಲಿ ಬಿಲ್ಲೆಗೂ ಇದೇ ಪರೀಕ್ಷೆ. ಎಷ್ಟೋ ಬಿಲ್ಲೆ ಮಿಲಿಟರಿ ಬಕಲ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ಮಾರುವವನ ತಪ್ಪೂ ಇಲ್ಲ, ಅವನಿಗೆ ಹೇಳಿಕೊಟ್ಟವರಾದರೂ ಯಾರು?

ಕೊನೆಗೆ ಸಿಪಾಯಿಯ ನಂಬರು. ಕಾರ್ಖಾನೆಯ ಮುದ್ರೆ ಒಂದೇ ಏಟಿಗೆ ಸಾಲಾಗಿ ಬೀಳುತ್ತದೆ. ಸಿಪಾಯಿಯ ನಂಬರನ್ನು ಒಂದೊಂದೇ ಅಂಕಿಯ ಪಂಚು ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರು, ಅದಕ್ಕೇ ಅದು ಕುಣಿಯುತ್ತದೆ. 4 ಮೇಲೆ, 7 ಕೆಳಗೆ, ಒಂದು ಸೊನ್ನೆ ಅರ್ಧ ಮಾತ್ರ. ಕೆಲವದರಲ್ಲಿ ಒಂದು ನಂಬರಿನ ಮೇಲೆ ಉಳಿಯಲ್ಲಿ ಗೆರೆ ಎಳೆದು ಪಕ್ಕದಲ್ಲಿ ಇನ್ನೊಂದು ಹೊಡೆದಿರುತ್ತದೆ. ಮೊದಲಿನವನು ಪಿಂಚಣಿಗೆ ಹೋದನೋ, ವರ್ಗವಾದನೋ, ಸತ್ತನೋ, ಹಿತ್ತಾಳೆ ಹೇಳುವುದಿಲ್ಲ. ಸ್ಟೋರಿಗೆ ವಾಪಸು ಬಂದದ್ದು ಇನ್ನೊಬ್ಬನ ಸೊಂಟಕ್ಕೆ ಏರಿತು, ಅಷ್ಟು ಖಾತ್ರಿ. ಮಾಮನ ಬಕಲ್ಲಿನಲ್ಲೂ ಹೀಗೆ ಗೆರೆ ಬಿದ್ದ ನಂಬರೊಂದಿತ್ತು. ಅವರು ಆ ಕಡೆಗೆ ಬ್ರಾಸೋ ತಾಕಲು ಬಿಡದೇ ಇದ್ದುದಕ್ಕೆ ಪಟ್ಟಿಯ ಕರೆ ಒಂದೇ ಕಾರಣವೇ ಎಂದು ಈಗ ಅನುಮಾನ ಬರುತ್ತದೆ. ಆಗ ಕೇಳಬೇಕು ಅನಿಸಲಿಲ್ಲ.

ಈಗಿನ ಸೈನಿಕನ ಸೊಂಟದಲ್ಲಿ ನೈಲಾನ್ ಪಟ್ಟಿ, ಟಕ್ ಎಂದು ಕೂರುವ ಪ್ಲಾಸ್ಟಿಕ್ ಬಕಲ್. ನಾನು ಇದನ್ನು ದೂರುವುದಿಲ್ಲ. ಹಗುರ, ಮಳೆಗೆ ಜಗ್ಗುವುದಿಲ್ಲ, ಬಿಸಿಲಿಗೆ ಹೊಳೆದು ಶತ್ರುವಿಗೆ ಜಾಗ ತೋರಿಸುವುದಿಲ್ಲ. ಹಿತ್ತಾಳೆ ಹೊಳೆಯುವ ಭಯಕ್ಕೇ ರೈಫಲ್ ರೆಜಿಮೆಂಟುಗಳು ಹಿಂದಿನಿಂದಲೂ ಕಪ್ಪು ಮಾಡಿದ ಲೋಹವನ್ನು ಬಳಸಿದ್ದು. ರಾತ್ರಿಯೆಲ್ಲ ಬ್ರಾಸೋ ತಿಕ್ಕಿದ ಹುಡುಗರನ್ನು ಕೇಳಿದರೆ ಪ್ಲಾಸ್ಟಿಕ್ಕಿಗೆ ಕೈ ಮುಗಿದಾರು. ಎನ್‌ಸಿಸಿಯಲ್ಲಿ ಭಾನುವಾರ ಬೆಳಗ್ಗೆ ಬಕಲ್ ಮಂಕಾಗಿದ್ದಕ್ಕೆ ಮೈದಾನ ಸುತ್ತಿದವರು ನಮ್ಮ ತಲೆಮಾರಿನಲ್ಲಿ ಬೇಕಾದಷ್ಟು ಜನ ಇದ್ದೇವೆ. ಆ ಶಿಕ್ಷೆಗಾಗಿ ಯಾರೂ ಹಂಬಲಿಸುವುದಿಲ್ಲ.

ಅಂಗಡಿಯ ಅಲಂಕಾರದ ಬಕಲ್ಲುಗಳಿಗೂ ಬೆನ್ನಿದೆ, ಹಾಗೆ ನೋಡಿದರೆ. ಸತುವಿನ ಮಿಶ್ರಲೋಹವನ್ನು ಒತ್ತಡದಲ್ಲಿ ಅಚ್ಚಿಗೆ ತುಂಬಿ ಮಾಡಿದವು. ಅಚ್ಚಿನಿಂದ ಹೊರದಬ್ಬಿದ ಕಡ್ಡಿಗಳ ದುಂಡು ಗುರುತು ಹಿಂದೆ ಇರುತ್ತದೆ. ಸಾವಿರ ಬಕಲ್ಲಿಗೂ ಅದೇ ಗುರುತು ಅದೇ ಜಾಗದಲ್ಲಿ. ಓದಲು ಏನೂ ಇಲ್ಲ. ಮೇಸ್ತ್ರಿಯ ಮಗ ಈಗ ಬ್ಯಾಡ್ಜುಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಲೇಸರಿನಲ್ಲಿ ಕೊರೆಸುತ್ತಾನೆ. ಅಚ್ಚುಕಟ್ಟಾದ ಕೆಲಸ, ತಪ್ಪು ಹೇಳುವ ಹಾಗಿಲ್ಲ. ಅಪ್ಪನ ಉಕ್ಕಿನ ಅಚ್ಚುಗಳು ಗೋಣಿಚೀಲದಲ್ಲಿದ್ದವು. ಒಂದು ದಿನ ಗುಜರಿಗೆ ಹೋದವು, ಕಬ್ಬಿಣದ ರೇಟಿನಲ್ಲಿ.

ಬಕಲ್ಲುಗಳೂ ಗುಜರಿಗೆ ಹೋಗುತ್ತವೆ. ಹಿತ್ತಾಳೆಗೆ ಕಬ್ಬಿಣಕ್ಕಿಂತ ಒಳ್ಳೆಯ ಬೆಲೆ, ಆದ್ದರಿಂದ ಬೇಗ ಹೋಗುತ್ತವೆ. ಭಾನುವಾರದ ಸಂತೆಯಲ್ಲಿ ಹಾಸಿದ ಟಾರ್ಪಾಲಿನ ಮೇಲೆ ನಲ್ಲಿ, ಬೀಗ, ಬಾಗಿಲ ಚಿಲಕದ ನಡುವೆ ಮೊದಲೆಲ್ಲ ಒಂದೆರಡಾದರೂ ಕಾಣುತ್ತಿದ್ದವು, ಕಿಲುಬು ಹತ್ತಿ ಹಸಿರಾಗಿ. ಗಿರಾಕಿ ಹಸಿರನ್ನು ಕೊಳ್ಳುವುದಿಲ್ಲ ಎಂದು ವ್ಯಾಪಾರಿಗೆ ಗೊತ್ತಾದದ್ದೇ ತಡ, ಬಫಿಂಗ್ ಚಕ್ರ ಬಂತು. ಅರೆ ನಿಮಿಷ ಚಕ್ರಕ್ಕೆ ಹಿಡಿದರೆ ಮುಖ ಚಿನ್ನ. ಇನ್ನರೆ ನಿಮಿಷ ಬೆನ್ನಿಗೆ ಹಿಡಿದರೆ ಬಾಣ ಹೋಯಿತು, ಅರದ ಗೆರೆ ಹೋಯಿತು, ಗೆರೆ ಬಿದ್ದ ನಂಬರೂ ಹೋಯಿತು. ಮನೆಗಳಲ್ಲಿ ಉಳಿದಿರುವವುಗಳ ಗತಿಯೂ ಇದೇ, ದಸರೆ ಬಂದರೆ ಪಾತ್ರೆ ಜೊತೆ ಹುಣಸೆಹುಳಿಯಲ್ಲಿ ಮುಳುಗುತ್ತವೆ. ಹುಣಸೆಹುಳಿ ಅಷ್ಟು ಕೆಟ್ಟದ್ದಲ್ಲ, ಕಿಲುಬು ಮಾತ್ರ ತಿನ್ನುತ್ತದೆ. ಅದರ ಹಿಂದೆ ಬರುವ ಇಟ್ಟಿಗೆಪುಡಿ ಮತ್ತು ನಾರು ಅಪಾಯ.

ಹಳೆಯ ಸಿಪಾಯಿಯ ಸಾಮಾನು ಮನೆಯಲ್ಲಿರುವವರು ಬಕಲ್ಲಿನ ಹಿಂಬದಿಗೆ ಒಣ ಬಟ್ಟೆ ಬಿಟ್ಟು ಬೇರೇನೂ ತಾಕಿಸಬೇಡಿ. ಕಿಟಕಿಯ ಪಕ್ಕ, ಬೆಳಕು ಅಡ್ಡಲಾಗಿ ಬೀಳುವಂತೆ ಹಿಡಿದರೆ ಸವೆದ ಮುದ್ರೆಯೂ ನೆರಳಿನಿಂದ ಎದ್ದು ಕಾಣುತ್ತದೆ. ಒಂದು ಫೋಟೋ ತೆಗೆದು, ಯಾರ ಬೆಲ್ಟು, ಯಾವ ಪಡೆ, ಎಲ್ಲಿಂದ ಬಂತು ಎಂದು ಗೊತ್ತಿದ್ದಷ್ಟನ್ನು ಚೀಟಿಯಲ್ಲಿ ಬರೆದು ಜೊತೆಗಿಡಿ. ಮ್ಯೂಸಿಯಮ್ಮಿನವರಿಗೂ ನನ್ನದೊಂದು ಮನವಿ ಇದೆ. ಗಾಜಿನ ಪೆಟ್ಟಿಗೆಯಲ್ಲಿ ಎಲ್ಲ ಬಕಲ್ಲುಗಳೂ ಅಂಗಾತ ಮಲಗಿವೆ. ಪೆಟ್ಟಿಗೆಯೊಳಗೆ ಒಂದು ಚಿಕ್ಕ ಕನ್ನಡಿ ಇಟ್ಟರೆ ಖರ್ಚು ಎಷ್ಟಾದೀತು?

ಮಾಮನ ಮೊಮ್ಮಗ ಕಳೆದ ವರ್ಷ ಫೋನ್ ಮಾಡಿದ್ದ. ತಾತನ ಬೆಲ್ಟಿಗೆ ಮುಂಬಯಿಯಿಂದ ಒಬ್ಬರು ಒಳ್ಳೆಯ ಬೆಲೆ ಹೇಳಿದ್ದಾರೆ, ಫೋಟೋ ಕಳಿಸಿದ್ದೇನೆ, ಆದರೆ ಅವರು ಹಿಂದಿನ ಭಾಗದ ಫೋಟೋ ಕೇಳುತ್ತಿದ್ದಾರೆ ಅಂಕಲ್, ಅಲ್ಲಿ ಏನೋ ಗೀಚಿದ ಹಾಗಿದೆ, ಚೆನ್ನಾಗಿ ಕಾಣಲ್ಲ, ಪಾಲಿಶ್ ಹಾಕಿಸಿ ಕಳಿಸಲಾ ಎಂದು ಕೇಳಿದ. ಬೇಡಪ್ಪಾ, ಹಾಗೇ ಕಳಿಸು ಎಂದೆ. ಮಾರಬೇಡ ಎನ್ನಲು ನನಗೇನು ಹಕ್ಕು?